ಪಂಡಿತಾ ರಮಾಬಾಯಿಯವರ ತೆರೆದ ಬಾಗಿಲು

ದೇವರ ಮನೆಯ ಹೊಸಿಲನ್ನು ದಾಟಬೇಕಾದರೆ ಮನುಷ್ಯನು ಮೊದಲೇ ಶುದ್ಧನಾಗಿರಬೇಕೋ, ದಾಟಿದ ಮೇಲೆ ಶುದ್ಧನಾಗುವನೋ? ಈ ಪ್ರಶ್ನೆ ಯಾವ ಮತಕ್ಕೂ ಹೊಸದಲ್ಲ. ಉಡುಪಿಯ ಕನಕನ ಕಿಂಡಿಯ ಕಥೆಯನ್ನು ಹೇಳುವವರೆಲ್ಲರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಿದ್ದಾರೆ. ಕ್ರೈಸ್ತ ಸಭೆಗಳಲ್ಲಿಯೂ ಇದು ಇಂದಿಗೂ ಬಗೆಹರಿದಿಲ್ಲ. ಏಸುವು ಸುಂಕದವರ ಪಂಕ್ತಿಯಲ್ಲಿ ಕುಳಿತು ಉಂಡನೆಂದು ಭಕ್ತಿಯಿಂದ ಓದುವ ಸಭೆಗಳೇ, ಹೊರಗಿನಿಂದ ಬಂದವರ ಉಡುಪು, ಊಟ, ಹಿಂದಿನ ನಡತೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ್ದುಂಟು. ಇದನ್ನು ವಾದದಿಂದ ಬಿಡಿಸಹೊರಡುವುದಕ್ಕಿಂತ ಒಬ್ಬರ ಬಾಳನ್ನು ನೋಡುವುದು ಲೇಸೆಂದು ನನಗೆ ತೋರುತ್ತದೆ. ನಾನು ಆರಿಸಿಕೊಂಡ ಬಾಳು ಪಂಡಿತಾ ರಮಾಬಾಯಿಯವರದು. ಅವರು ಪ್ರೀತಿಯಿಂದ ತೆರೆದ ಬಾಗಿಲನ್ನೂ ಕಂಡರು. ತೀರ್ಪು ಹೇಳಲು ನಿಂತ ಬಾಗಿಲನ್ನೂ ಕಂಡರು. ಎರಡೂ ಒಂದೇ ಮನೆಯ ಬಾಗಿಲುಗಳಾಗಿದ್ದವು ಎಂಬುದೇ ಈ ಕಥೆಯ ಸ್ವಾರಸ್ಯ.

ಇನ್ನೊಂದು ಕಾರಣವೂ ಇದೆ. ಮಹಾರಾಷ್ಟ್ರದವರು ರಮಾಬಾಯಿಯವರನ್ನು ತಮ್ಮವರೆಂದು ಹೇಳಿಕೊಳ್ಳುವುದು ನ್ಯಾಯವೇ ಸರಿ; ಅವರ ಕೆಲಸವೆಲ್ಲ ನಡೆದದ್ದು ಅಲ್ಲಿ. ಆದರೆ ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಇಂದಿನ ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಮಾಳದ ಚಿತ್ಪಾವನ ಬ್ರಾಹ್ಮಣರು. ರಮಾಬಾಯಿಯವರು ಹುಟ್ಟಿದ್ದು 1858ನೆಯ ಇಸವಿ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಕಾರ್ಕಳದಿಂದ ಕುದುರೆಮುಖದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಆ ಬೆಟ್ಟಸಾಲನ್ನು ನಾನು ಹಲವು ಸಲ ನೋಡಿದ್ದೇನೆ. ಬಸ್ಸಿನಲ್ಲಿದ್ದ ಹತ್ತು ಮಂದಿಯಲ್ಲಿ ಒಬ್ಬರಾದರೂ ಈ ಹೆಸರನ್ನು ಕೇಳಿರುವರೋ ಇಲ್ಲವೋ ಎಂಬ ಯೋಚನೆ ಪ್ರತಿ ಸಲವೂ ಬರುತ್ತದೆ.

ಅನಂತಶಾಸ್ತ್ರಿಗಳು ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಣ್ಣಿನ ಬಾಯಲ್ಲಿ ಸಂಸ್ಕೃತ ಶ್ಲೋಕವನ್ನು ಕೇಳಿದ ಆ ವಿದ್ಯಾರ್ಥಿ, ತನ್ನ ಹೆಂಡತಿಗೂ ಕಲಿಸಬೇಕೆಂದು ಅಂದೇ ನಿಶ್ಚಯಿಸಿದರು. ಬಂಧುಗಳು ಹುಬ್ಬು ಗಂಟಿಕ್ಕಿದರು, ಪಂಡಿತರು ಆಕ್ಷೇಪಿಸಿದರು. ಶಾಸ್ತ್ರಿಗಳು ಶಾಸ್ತ್ರದಿಂದಲೇ ಆಧಾರಗಳನ್ನು ತೆಗೆದು ತೋರಿಸಿದರು. ಆದರೂ ಊರಿನ ನೆಮ್ಮದಿ ಉಳಿಯಲಿಲ್ಲ. ಅವರು ಹೆಂಡತಿ ಲಕ್ಷ್ಮೀಬಾಯಿಯವರೊಡನೆ ಕಾಡು ಸೇರಿದರು. ಅಲ್ಲಿ ಹುಟ್ಟಿದ ಕೊನೆಯ ಮಗಳೇ ರಮಾ. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಈ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಅಲ್ಲಿಂದ ಮುಂದೆ ಅವರಿಗೆ ನೆಲೆಯೆಂಬುದಿರಲಿಲ್ಲ. ದೇವಸ್ಥಾನಗಳಲ್ಲಿ ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಬದುಕುವುದು, ಮತ್ತೆ ನಡೆಯುವುದು. ಈ ನಡುವೆ ತಾಯಿಯ ಬಾಯಿಂದ ಮಗಳು ಭಾಗವತದ ಸಾವಿರಾರು ಶ್ಲೋಕಗಳನ್ನು ಕಂಠಪಾಠ ಮಾಡಿಕೊಂಡಳು. ಹಿರಿಯ ಮಗಳಿಗೆ ಬಾಲ್ಯವಿವಾಹ ಮಾಡಿ ನೊಂದಿದ್ದ ತಂದೆ, ಈಕೆಗೆ ಮದುವೆ ಮಾಡುವ ಆತುರ ತೋರಲಿಲ್ಲ.

1870ರ ದಶಕದ ಬರಗಾಲ ಈ ಸಂಸಾರವನ್ನು ನುಂಗಿತು. ತಂದೆ, ತಾಯಿ, ಅಕ್ಕ, ಒಬ್ಬರ ಹಿಂದೆ ಒಬ್ಬರು ಹಸಿವಿನಿಂದ ತೀರಿಕೊಂಡರು. ತಾಯಿ ಸತ್ತದ್ದು ನಮ್ಮ ರಾಯಚೂರಿನಲ್ಲಿ. ಸಾಯುತ್ತಿದ್ದ ತಾಯಿಗಾಗಿ ಮಗಳು ನೆರೆಮನೆಯ ಬಾಗಿಲಿಗೆ ಒಂದು ತುಂಡು ರೊಟ್ಟಿ ಬೇಡಲು ಹೋದಳು. ಬೇಡುವ ಮಾತು ಬಾಯಿಂದ ಹೊರಡದೆ ಅಳುತ್ತ ನಿಂತಳು. ರೊಟ್ಟಿ ದೊರೆಯಿತು, ತಾಯಿಗೆ ಅದನ್ನು ತಿನ್ನುವ ಶಕ್ತಿಯಿರಲಿಲ್ಲ. ಹೆಣ ಹೊರಲು ಜಾತಿಯವರು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಇಬ್ಬರು ಬ್ರಾಹ್ಮಣರು ಮರುಕಗೊಂಡು ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ; ನಾಲ್ಕನೆಯ ಹೆಗಲು ಮಗಳದು. ಎತ್ತರ ಸಾಲದೆ ಆಕೆ ಚಟ್ಟದ ಕಂಬವನ್ನು ತಲೆಯ ಮೇಲೆ ಹೊತ್ತು ಸುಡುಗಾಡಿನವರೆಗೆ ನಡೆದಳು. ಮುಂದೆ ಬರಗಾಲದ ಹುಡುಗಿಯರನ್ನು ಬಂಡಿಗಟ್ಟಲೆ ತಂದು ಸಾಕಿದ ಹೆಂಗಸನ್ನು ಅರ್ಥಮಾಡಿಕೊಳ್ಳಬೇಕಾದರೆ, ಅಂದು ರಾಯಚೂರಿನಲ್ಲಿ ನೆರೆಮನೆಯ ಬಾಗಿಲ ಮುಂದೆ ಮಾತು ಹೊರಡದೆ ನಿಂತಿದ್ದ ಆ ಹುಡುಗಿಯನ್ನು ಮರೆಯಕೂಡದು.

ಅಣ್ಣತಂಗಿಯರು ಕಾಲ್ನಡಿಗೆಯಲ್ಲಿ ನಾಡೆಲ್ಲ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ಪಂಡಿತರು ಈ ಇಪ್ಪತ್ತು ವರ್ಷದ ಕನ್ಯೆಯನ್ನು ಪರೀಕ್ಷಿಸಿ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಅವರು ಮೊಟ್ಟಮೊದಲು ಕ್ರೈಸ್ತರ ಕೂಟವೊಂದನ್ನು ನೋಡಿದ್ದೂ ಅಲ್ಲಿಯೇ. ಯಾರೋ ಆದರದಿಂದ ಕರೆದಿದ್ದರು. ನಮ್ಮ ದೇಶದವರೇ ಆಂಗ್ಲರ ಜೊತೆ ಕುಳಿತು ಚಹ ಕುಡಿದು ರೊಟ್ಟಿ ತಿನ್ನುವುದನ್ನು ಕಂಡು, ಕಲಿಯುಗ ಪೂರ್ತಿಯಾಗಿ ಬಂದೇಬಿಟ್ಟಿತೆಂದು ಅಣ್ಣತಂಗಿಯರಿಗೆ ಅನಿಸಿತಂತೆ. ಪ್ರಾರ್ಥನೆಯ ಸಮಯದಲ್ಲಿ ಎಲ್ಲರೂ ಕುರ್ಚಿಗಳ ಎದುರಿಗೆ ಮೊಣಕಾಲೂರಿದರು. ಇವರ ದೇವರು ಕುರ್ಚಿಯೇ ಇರಬೇಕೆಂದು ಇವರು ತಿಳಿದರು. ಹೊರಡುವಾಗ ಸಂಸ್ಕೃತದ ಬೈಬಲೊಂದನ್ನು ಕೊಟ್ಟರು. ಪಂಡಿತೆಗೆ ಅದು ತಲೆಗೆ ಹತ್ತಲಿಲ್ಲ. ನನಗೆ ಈ ಪ್ರಸಂಗ ಬಹಳ ಇಷ್ಟ. ಕರೆದವರಲ್ಲಿ ಕೆಟ್ಟ ಮನಸ್ಸಿರಲಿಲ್ಲ, ಬಂದವರಲ್ಲಿಯೂ ಇರಲಿಲ್ಲ. ಆದರೂ ಒಬ್ಬರು ಇನ್ನೊಬ್ಬರಿಗೆ ಒಂದು ಚಿತ್ರದಂತೆ ಉಳಿದರು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ವಿವಾಹವಾದರು. ಆತ ಬ್ರಾಹ್ಮಣನಲ್ಲ, ಮದುವೆ ನೋಂದಣಿಯ ಮದುವೆ. ಜಾತಿ ಎರಡು ಕಡೆಯಿಂದಲೂ ಬಾಗಿಲು ಹಾಕಿತು. ಮನೋರಮೆ ಎಂಬ ಮಗಳು ಹುಟ್ಟಿ ವರ್ಷ ತುಂಬುವುದರೊಳಗೆ, 1882ರ ಫೆಬ್ರವರಿಯಲ್ಲಿ, ಗಂಡ ಕಾಲರಾದಿಂದ ಮಡಿದರು. ಇಪ್ಪತ್ತಮೂರರ ವಿಧವೆ ಕೂಸನ್ನೆತ್ತಿಕೊಂಡು ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಹಂಟರ್ ಆಯೋಗದ ಎದುರಿಗೆ ಸ್ತ್ರೀಶಿಕ್ಷಣದ ಬಗ್ಗೆ, ಹೆಣ್ಣುವೈದ್ಯರ ಅಗತ್ಯದ ಬಗ್ಗೆ ಸಾಕ್ಷ್ಯ ನುಡಿದರು. ವೈದ್ಯ ಕಲಿಯಬೇಕೆಂಬ ಆಸೆ ಅವರಿಗೂ ಹುಟ್ಟಿತು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದು, ಅದರಿಂದ ಬಂದ ಹಣದಲ್ಲಿ ಹಡಗಿನ ಟಿಕೇಟು ಕೊಂಡು, 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದರು. ಮತ ಬದಲಿಸುವುದಿಲ್ಲವೆಂದು ಹೇಳಿಯೇ ಹೊರಟಿದ್ದರು.

ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಭೆಗೆ ಸೇರಿದ ಸಂನ್ಯಾಸಿನಿಯರ ಮಠವೊಂದಿತ್ತು. ಆ ಸೋದರಿಯರ ಆಶ್ರಯದಲ್ಲಿ ಅವರು ಇಳಿದುಕೊಂಡರು. ಸ್ವಲ್ಪ ಕಾಲದ ಮೇಲೆ ಹವಾ ಬದಲಾವಣೆಗೆಂದು ಲಂಡನ್ನಿನ ಫುಲ್‌ಹ್ಯಾಮಿನಲ್ಲಿದ್ದ ಅದೇ ಮಠದ ಶಾಖೆಗೆ ಅವರನ್ನು ಕಳಿಸಿದರು. ಅಲ್ಲಿ ಸೋದರಿಯರು ನಡೆಸುತ್ತಿದ್ದ ಉದ್ಧಾರಗೃಹವೊಂದನ್ನು ಅವರಿಗೆ ತೋರಿಸಿದರು. ಸಮಾಜವು ಕೆಟ್ಟವರೆಂದು ಕರೆದು ಬೀದಿಗೆ ತಳ್ಳಿದ ಹೆಂಗಸರಿಗಾಗಿ ಕಟ್ಟಿದ ಮನೆ ಅದು. ಹಿಂದೆ ಅಲ್ಲಿ ಆಶ್ರಯ ಪಡೆದ ಕೆಲವರು ಈಗ ರೋಗಿಗಳ, ಅಶಕ್ತರ ಆರೈಕೆಯಲ್ಲಿ ತೊಡಗಿದ್ದರು. ಅವರ ಮುಖದಲ್ಲಿ ನಾಚಿಕೆಯಿರಲಿಲ್ಲ. ಅವರೊಡನೆ ಮಾತನಾಡುವ ಸೋದರಿಯರ ಮುಖದಲ್ಲಿ ಅಸಹ್ಯವಿರಲಿಲ್ಲ.

ರಮಾಬಾಯಿಯವರು ಬೆಚ್ಚಿಬಿದ್ದರೆಂದೇ ಹೇಳಬೇಕು. ಇಂಥ ಹೆಂಗಸರಿಗೆ ಕೊಡತಕ್ಕ ದಂಡನೆಗಳನ್ನು ಅವರು ಸ್ಮೃತಿಗಳಲ್ಲಿ ಓದಿದ್ದರು. ದಂಡನೆಯ ಹೊರತು ಬೇರೇನಾದರೂ ಮಾಡಬಹುದೆಂಬುದು ಅವರಿಗೆ ಹೊಳೆದಿರಲಿಲ್ಲ. ಸ್ವಂತ ನಾಡಿನಲ್ಲಿ ಅಂಥದೊಂದು ಮನೆಯನ್ನು ಅವರು ಕಂಡೂ ಇರಲಿಲ್ಲ. ಈ ಹೆಂಗಸರ ಮೇಲೆ ನಿಮಗೇಕೆ ಇಷ್ಟು ಕರುಣೆ ಎಂದು ಸೋದರಿಯೊಬ್ಬರನ್ನು ಕೇಳಿದರು. ಆಕೆ ಉಪನ್ಯಾಸ ಮಾಡಲಿಲ್ಲ. ಯೋಹಾನನ ಸುವಾರ್ತೆಯನ್ನು ತೆರೆದು ನಾಲ್ಕನೆಯ ಅಧ್ಯಾಯವನ್ನು ಓದಿ ಹೇಳಿದರು. ಬಾವಿಯ ಬಳಿ ಸಮಾರ್ಯದ ಹೆಂಗಸೊಬ್ಬಳನ್ನು ಏಸು ಮಾತನಾಡಿಸಿ ನೀರು ಕೇಳುವ ಕಥೆ ಅದು. ಆಕೆ ಪರಜಾತಿಯವಳು; ಐವರು ಗಂಡಂದಿರು ಆಗಿಹೋದವಳು; ಈಗ ಜೊತೆಯಲ್ಲಿದ್ದವನು ಗಂಡನಲ್ಲ. ಯೆಹೂದ್ಯನೊಬ್ಬನು ಅವಳ ಕೈಯ ನೀರನ್ನು ಮುಟ್ಟುವಂತಿರಲಿಲ್ಲ. ಮಡಿಮೈಲಿಗೆ ಬಲ್ಲ ಮನೆಯಲ್ಲಿ ಬೆಳೆದ ರಮಾಬಾಯಿಯವರಿಗೆ ಆ ನೀರಿನ ಅರ್ಥವನ್ನು ಯಾವ ಭಾಷ್ಯಕಾರರೂ ವಿವರಿಸಬೇಕಾಗಿರಲಿಲ್ಲ. ಅವರ ಮನಸ್ಸನ್ನು ತಿರುಗಿಸಿದ ಗಳಿಗೆ ಅದೇ ಎಂದು ಅವರೇ ಮುಂದೆ ತಮ್ಮ ಸಾಕ್ಷ್ಯಕಥನದಲ್ಲಿ ಬರೆದಿದ್ದಾರೆ. ಪಾದ್ರಿಗಳ ವಾದ ಅವರಿಗೆ ದಾರಿಯಲ್ಲಿ ಅಲ್ಪಸ್ವಲ್ಪ ಸಹಾಯ ಮಾಡಿದ್ದೀತು. ಬಾಗಿಲು ತೆರೆದದ್ದು ಫುಲ್‌ಹ್ಯಾಮಿನ ಆ ಮನೆ.

1883ರ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಪುಣೆಯಲ್ಲಿ ಕೋಪ ಭುಗಿಲೆದ್ದಿತು, ಅದು ಸಹಜ. ಓದುಗರು ಗಮನಿಸಬೇಕಾದ್ದು ಇಂಗ್ಲೆಂಡಿನಲ್ಲಿ ನಡೆದದ್ದು. ಹೊರಗಿನವಳಾಗಿದ್ದಾಗ ಅಷ್ಟು ಅಕ್ಕರೆಯಿಂದ ಬರಮಾಡಿಕೊಂಡ ಸಭೆ, ಒಳಗೆ ಬಂದೊಡನೆ ಲೆಕ್ಕ ಕೇಳತೊಡಗಿತು. ರಮಾಬಾಯಿಯವರು ತ್ರಿಯೇಕತ್ವದ ತತ್ತ್ವವನ್ನು ಪ್ರಶ್ನಿಸಿದರು; ಸಭೆಯ ವಿಶ್ವಾಸಸೂತ್ರಗಳ ಒಂದೊಂದು ಮಾತಿಗೂ ಆಧಾರ ಕೇಳಿದರು. ಅನಂತಶಾಸ್ತ್ರಿಗಳ ಮಗಳು ಬೇರೇನು ಮಾಡಿಯಾಳು? ಅವರ ಧರ್ಮಮಾತೆಯಾಗಿದ್ದ ಸೋದರಿ ಜೆರಾಲ್ಡೀನರಿಗೆ ಇದು ಅಹಂಕಾರವಾಗಿ ಕಂಡಿತು. ಮಾಂಸ ಮುಟ್ಟದಿರುವುದು, ಮೊಟ್ಟೆ ಬೆರೆಸಿದ ಸಿಹಿಯನ್ನು ಕೂಡ ಒಲ್ಲೆನೆನ್ನುವುದು ಜಾತಿಯ ಹಳೆಯ ಹೆಮ್ಮೆಯಾಗಿ ಕಂಡಿತು. ಧರಿಸುವ ಶಿಲುಬೆಯ ಮೇಲಿನ ಲ್ಯಾಟಿನ್ ಅಕ್ಷರಗಳು ತನಗಾಗಲಿ ತನ್ನ ಜನಕ್ಕಾಗಲಿ ತಿಳಿಯುವುದಿಲ್ಲವೆಂದು ಶಿಷ್ಯೆ ಹೇಳಿದರೆ ಅದೂ ಅವಿಧೇಯತೆಯೇ.

ಅಷ್ಟರಲ್ಲಿ ಅವರು ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿಗೆ ಹೋಗಿದ್ದರು. ಕಿವಿ ಮಂದವಾದುದರಿಂದ ವೈದ್ಯದ ಆಸೆ ಕೈಬಿಟ್ಟಿತ್ತು. ತಾವು ಕಲಿಯುತ್ತ, ಸಂಸ್ಕೃತ ಕಲಿಸುತ್ತ ಇದ್ದರು. ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಮಾತು ಬಂದಾಗ ಇಂಡಿಯಾದ ಬಿಷಪ್ಪರುಗಳು ಕೂಡದೆಂದರು; ಭಾರತೀಯ ಹೆಂಗಸು ಗಂಡಸರ ಮುಂದೆ ನಿಂತರೆ ತಾಯ್ನಾಡಿನಲ್ಲಿ ಅವಳ ಮರ್ಯಾದೆ ಹೋಗುವುದಂತೆ. ಕಾಶಿಯಿಂದ ಕಲ್ಕತ್ತೆಯವರೆಗೆ ಗಂಡಸರ ಸಭೆಗಳಲ್ಲಿ ಉಪನ್ಯಾಸ ಕೊಟ್ಟು ಬಂದವರಿಗೆ ಈ ಮಾತು! ರಮಾಬಾಯಿಯವರು ತಮ್ಮ ಪತ್ರಗಳಲ್ಲಿ ಬಲು ಸ್ಪಷ್ಟವಾಗಿ ಉತ್ತರ ಕೊಟ್ಟರು. ಒಂದು ಪುರೋಹಿತವರ್ಗದ ನೊಗವನ್ನು ಬಹು ಕಷ್ಟದಿಂದ ಕಳಚಿಕೊಂಡು ಬಂದದ್ದು ಇನ್ನೊಂದರ ನೊಗಕ್ಕೆ ಕತ್ತು ಕೊಡುವುದಕ್ಕಲ್ಲ, ತಮ್ಮ ಮನಸ್ಸಾಕ್ಷಿ ತಮ್ಮದು ಎಂಬುದು ಅವುಗಳ ಸಾರಾಂಶ. ಈ ಪತ್ರಗಳನ್ನು ಓದುವಾಗ ನನ್ನ ಮನಸ್ಸನ್ನು ಹಿಡಿದದ್ದು ಅದರ ಖಾರವಲ್ಲ. ಅಷ್ಟು ಖಾರದ ನಡುವೆಯೂ ಸೋದರಿಯನ್ನು ಅವರು ಆಜೀಬಾಯಿ, ಎಂದರೆ ಅಜ್ಜಿ, ಎಂದೇ ಕರೆಯುತ್ತಾರೆ.

ಜೆರಾಲ್ಡೀನರ ವಿಷಯದಲ್ಲಿ ನಾವೂ ತೀರ್ಪು ಹೇಳಲು ಅವಸರಪಡಬಾರದು. ಆಕೆಯ ಪ್ರೀತಿ ನಿಜವಾದದ್ದು. ಮಗು ಮನೋರಮೆಯನ್ನು ವರ್ಷಗಟ್ಟಲೆ ಸಾಕಿದವರು ಆಕೆಯೇ. ತಮ್ಮನ್ನು ಒಪ್ಪದ ಪತ್ರಗಳನ್ನೂ ಸೇರಿಸಿ ಎಲ್ಲವನ್ನೂ ಜೋಪಾನವಾಗಿ ಕೂಡಿಟ್ಟವರೂ ಆಕೆಯೇ. ಅವು 1977ರಲ್ಲಿ ಪುಸ್ತಕವಾಗಿ ಬಂದವು. ಆದರೆ ಪ್ರೀತಿಸಿದವಳು ತನ್ನ ಅಚ್ಚಿನಲ್ಲಿಯೇ ಮೂಡಬೇಕೆಂದು ಆಕೆ ಬಯಸಿದರು. ಚೆಲ್ಟನ್‌ಹ್ಯಾಮಿನ ಮುಖ್ಯೋಪಾಧ್ಯಾಯಿನಿ ಡೊರೊಥಿಯಾ ಬೀಲ್ ಹಾಗಲ್ಲ. ಅವರು ಪ್ರಶ್ನೆಗಳನ್ನು ಕೇಳಲು ಬಿಟ್ಟರು, ತಿಳಿದಷ್ಟು ಉತ್ತರ ಹೇಳಿದರು, ಉಳಿದದ್ದಕ್ಕೆ ಕಾದರು. ರಮಾಬಾಯಿಯವರು ಸಭೆಯನ್ನು ಬಿಟ್ಟು ಹೊರಡದೆ ಉಳಿದದ್ದಕ್ಕೆ ಈ ಕಾಯುವಿಕೆಯೂ ಒಂದು ಕಾರಣವೆಂದು ನಾನು ಭಾವಿಸಿದ್ದೇನೆ.

ಅಮೆರಿಕೆಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1886ರಲ್ಲಿ ಆನಂದೀಬಾಯಿ ಜೋಶಿಯವರ ವೈದ್ಯಪದವಿ ಸಮಾರಂಭಕ್ಕೆಂದು ಹೋದವರು ಎರಡು ವರ್ಷಕ್ಕೂ ಮೇಲೆ ಅಲ್ಲಿ ಉಳಿದರು. ಉಚ್ಚಜಾತಿಯ ಹಿಂದೂ ಸ್ತ್ರೀಯರ ದುಃಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1887ರಲ್ಲಿ ಹೊರಬಂದು ಹೆಸರಾಯಿತು. ಬಾಸ್ಟನ್ನಿನಲ್ಲಿ ಬೇರೆ ಬೇರೆ ಕ್ರೈಸ್ತ ಪಂಗಡಗಳವರು ಒಟ್ಟುಗೂಡಿ ರಮಾಬಾಯಿ ಸಂಘವನ್ನು ಸ್ಥಾಪಿಸಿ, ಹತ್ತು ವರ್ಷ ವಿಧವೆಯರ ಶಾಲೆಯೊಂದಕ್ಕೆ ಹಣ ಒದಗಿಸುವುದಾಗಿ ಮಾತು ಕೊಟ್ಟರು. ಶಾಲೆಯಲ್ಲಿ ಯಾರ ಮತಕ್ಕೂ ಕೈಹಾಕಬಾರದೆಂಬುದು ನಿಬಂಧನೆ.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂದಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದವರು ಇವರೇ. ಬ್ರಾಹ್ಮಣ ಹುಡುಗಿಯರಿಗೆ ಅವರ ಆಚಾರದಂತೆ ಅಡಿಗೆ, ಪೂಜೆಗೆ ಅವಕಾಶ. ಗ್ರಂಥಾಲಯದಲ್ಲಿ ಬೈಬಲಿನ ಪಕ್ಕದಲ್ಲಿ ಹಿಂದೂ ಧರ್ಮಗ್ರಂಥಗಳು. ರಾನಡೆ, ಭಂಡಾರ್ಕರ್ ಮುಂತಾದ ದೊಡ್ಡವರು ಸಲಹಾಮಂಡಳಿಯಲ್ಲಿದ್ದರು.

ಮುಂದೆ ಎದ್ದ ಗಲಭೆ ಒಂದು ಬಾಗಿಲಿನಿಂದ ಎದ್ದಿತು. ರಮಾಬಾಯಿಯವರು ಬೆಳಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು. ಆಗ ಕದ ಮುಚ್ಚುತ್ತಿರಲಿಲ್ಲ. ಯಾವ ಹೊತ್ತಿನಲ್ಲಿಯೂ ಹುಡುಗಿಯರು ಅವರ ಕೋಣೆಗೆ ಬರಬಹುದಾಗಿತ್ತು. ಹುಟ್ಟಿದ ಮನೆಯಲ್ಲಿ ಯಾರ ಕೋಣೆಗೂ ಕಾಲಿಡಗೊಡದ ವಿಧವೆಯರು ಅವರು, ಶುಭಕಾರ್ಯದಲ್ಲಿ ಮುಖ ತೋರಕೂಡದವರು. ಪ್ರಾರ್ಥನೆಯ ಹೊತ್ತಿಗೂ ಕೆಲವರು ಬಂದು ಕುಳಿತರು. ಕೆಲವರ ಮನಸ್ಸು ಅತ್ತ ವಾಲಿತು. ಸುದ್ದಿ ಹಬ್ಬಿತು. ತಿಲಕರ ಕೇಸರಿ ಪತ್ರಿಕೆ ಉಗ್ರವಾಗಿ ಟೀಕಿಸಿತು. ಪ್ರಾರ್ಥನೆಯ ಹೊತ್ತಿನಲ್ಲಾದರೂ ಕದ ಮುಚ್ಚಿರೆಂದು ಹಿತೈಷಿಗಳು ಹೇಳಿದರು. ಅವರು ಒಪ್ಪಲಿಲ್ಲ. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಸಂಬಂಧ ಕಡಿದುಕೊಂಡರು. ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಇದರಲ್ಲಿ ಯಾರದು ಸರಿ? ಪೋಷಕರ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಮುಂದೆ ಕೆಲವು ಹುಡುಗಿಯರು ದೀಕ್ಷಾಸ್ನಾನ ಪಡೆದದ್ದು ನಿಜ. ಅನ್ನ, ಅಕ್ಷರ, ಅಕ್ಕರೆ ಮೂರನ್ನೂ ಕೊಡುವವರ ಮತ ಬಡಹುಡುಗಿಯ ಮನಸ್ಸಿನ ಮೇಲೆ ಭಾರವಾಗಿ ಕೂರುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಹಾಗೆಂದು ಕದ ಮುಚ್ಚಿದ್ದರೆ? ಮನೆಮನೆಯಲ್ಲಿಯೂ ಮುಖದ ಮೇಲೆ ಕದ ಹಾಕಿಸಿಕೊಂಡು ಬಂದ ಹುಡುಗಿಗೆ, ಅಮ್ಮನೆಂದು ನಂಬಿದವರ ಕೋಣೆಯಲ್ಲಿಯೂ ಅದೇ ಕದ ಕಾಣುತ್ತಿತ್ತು. ರಮಾಬಾಯಿಯವರು ನಿಬಂಧನೆಯ ಅಕ್ಷರವನ್ನು ಮೀರಲಿಲ್ಲ, ಅಂಚಿನವರೆಗೆ ಹೋದರು ಎಂದು ನನ್ನ ಅಭಿಪ್ರಾಯ. ನಮ್ಮ ಅಧ್ಯಾಪಕರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲವೆಂದು ಬಲ್ಲೆ.

1896-97ರಲ್ಲಿ ಮಧ್ಯ ಪ್ರಾಂತದಲ್ಲಿ ಬರಗಾಲ ಬಿತ್ತು. ಸುದ್ದಿ ಕೇಳಿದ ರಮಾಬಾಯಿಯವರಿಗೆ ಹಳೆಯ ಹಸಿವು ನೆನಪಾಯಿತು. ಕೈಯಲ್ಲಿ ಹಣವಿಲ್ಲದಿದ್ದರೂ ಹೊರಟರು. ಗಂಜಿಕೇಂದ್ರಗಳಲ್ಲಿ ಎಲುಬಿನ ಗೂಡುಗಳಂತಿದ್ದ ಹುಡುಗಿಯರನ್ನೂ, ಅವರನ್ನು ಹೊಂಚುತ್ತಿದ್ದ ದುಷ್ಟರನ್ನೂ ಕಂಡರು. ಸುಮಾರು ಮುನ್ನೂರು ಮಂದಿ ಹುಡುಗಿಯರನ್ನು, ಹೆಂಗಸರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ಊರೊಳಗೆ ಇಷ್ಟು ಜನರನ್ನು ಇರಿಸಿಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಸುಮಾರು ಮೂವತ್ತನಾಲ್ಕು ಮೈಲಿ ಆಚೆ ಕೇಡ್ಗಾಂವಿನಲ್ಲಿ ಹಿಂದೆಯೇ ಕೊಂಡಿದ್ದ ನೂರು ಎಕರೆ ನೆಲವಿತ್ತು. ಅಲ್ಲಿ ಡೇರೆ ಹೊಡೆದರು, ಬಾವಿ ತೋಡಿಸಿದರು. ಮುಕ್ತಿ ಹುಟ್ಟಿದ್ದು ಹೀಗೆ. 1900ರ ಗುಜರಾತಿನ ಬರಗಾಲದ ಹೊತ್ತಿಗೆ ಅಲ್ಲಿಯ ಸಂಖ್ಯೆ ಸುಮಾರು ಎರಡು ಸಾವಿರಕ್ಕೆ ಏರಿತು. ನೇಯ್ಗೆ, ಹೊಲಿಗೆ, ಎಣ್ಣೆಯ ಗಾಣ, ಹೈನು, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೆ ಬಾರ್ತಿಮಾಯನ ಹೆಸರಿನ ಸದನ, ಅಲ್ಲಿ ಬ್ರೈಲ್ ಲಿಪಿಯ ಪಾಠ. ಮುದುಕಿಯರಿಗೆ ಪ್ರೀತಿ ಸದನ.

ಇವೆಲ್ಲಕ್ಕಿಂತ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಕೃಪಾ ಸದನ. ಬರಗಾಲದ ದಾರಿಗಳಲ್ಲಿ ಕೆಟ್ಟುಹೋದ, ಕೆಡಿಸಲ್ಪಟ್ಟ ಹೆಂಗಸರಿಗೆಂದೇ ಅದನ್ನು ತೆರೆದರು. ಫುಲ್‌ಹ್ಯಾಮಿನಲ್ಲಿ ಕಂಡದ್ದು ಹದಿನೈದು ವರ್ಷಗಳ ಮೇಲೆ ಕೇಡ್ಗಾಂವಿನಲ್ಲಿ ಕಲ್ಲುಗೋಡೆಯಾಗಿ ನಿಂತಿತು. ಇದು ಸುಲಭದ ಕೆಲಸವಾಗಿತ್ತೆಂದು ಯಾರೂ ತಿಳಿಯಬಾರದು. ಬಂದವರಲ್ಲಿ ಅನೇಕರು ರೋಗಿಷ್ಠರು. ಬೈಗುಳ, ಜಗಳ, ಕಳವು, ಓಡಿಹೋಗುವುದು ಎಲ್ಲವೂ ಇದ್ದೀತು. ಮರ್ಯಾದಸ್ಥರ ಮನೆಯ ವಿಧವೆಯರು ಓದುವ ಸಂಸ್ಥೆಯ ಪಕ್ಕದಲ್ಲಿ ಇಂಥವರನ್ನು ಇರಿಸಿದರೆ ಊರು ಏನೆಂದೀತು ಎಂಬ ಲೆಕ್ಕವನ್ನು ಅವರು ಹಾಕಲಿಲ್ಲ. ತಿದ್ದಿಕೊಂಡು ಬಾ, ಆಮೇಲೆ ನೋಡೋಣ ಎನ್ನುವುದು ಬಹುಮಂದಿ ಸಜ್ಜನರ ಕ್ರಮ. ಕೃಪಾ ಸದನದಲ್ಲಿ ಮೊದಲು ಸ್ನಾನ, ಸೀರೆ, ಊಟ. ತಿದ್ದುವ ಮಾತು ಆಮೇಲೆ.

ಮುಕ್ತಿಯಲ್ಲಿ ಎತ್ತರವಾದ ದೇವಾಲಯ ಎದ್ದಿತು. ಅದರ ಅಸ್ತಿಭಾರ 1899ರದು. ಅದನ್ನು ಅವರು ಯಾವ ಪಂಗಡಕ್ಕೂ ಒಪ್ಪಿಸಲಿಲ್ಲ; ಪಂಗಡಗಳ ತಕರಾರನ್ನು ಇಂಗ್ಲೆಂಡಿನಲ್ಲಿಯೇ ಸಾಕಷ್ಟು ಕಂಡಿದ್ದರಷ್ಟೆ. 1905ರಲ್ಲಿ ಅಲ್ಲಿ ಭಕ್ತಿಯ ಒಂದು ದೊಡ್ಡ ಅಲೆ ಎದ್ದು ಹುಡುಗಿಯರು ಗಟ್ಟಿಯಾಗಿ ಅಳುತ್ತ, ಚಪ್ಪಾಳೆ ತಟ್ಟುತ್ತ ಪ್ರಾರ್ಥಿಸತೊಡಗಿದಾಗ, ಶಿಸ್ತಿನ ಕೆಲವು ಕ್ರೈಸ್ತರು ಮೂಗು ಮುರಿದರು. ನಮ್ಮ ಜನ ನಮ್ಮ ರೀತಿಯಲ್ಲಿ ದೇವರನ್ನು ಕೂಗಲಿ ಎಂದು ರಮಾಬಾಯಿಯವರು ತಡೆಯದೆ ಬಿಟ್ಟರು. ಆದರೆ ಒಂದು ಮಾತು ಹೇಳಲೇಬೇಕು. ಮುಕ್ತಿಯು ಶಾರದಾ ಸದನದಂತೆ ಮತದ ವಿಷಯದಲ್ಲಿ ತಟಸ್ಥವಾದ ಮನೆಯಾಗಿರಲಿಲ್ಲ. ಬರಗಾಲದಿಂದ ಬಂದ ಬಾಲೆಯರು ಕ್ರೈಸ್ತರಾಗಿಯೇ ಬೆಳೆದರು. ಬಾಸ್ಟನ್ನಿನ ಹಳೆಯ ಮಿತ್ರರಲ್ಲಿ ಉದಾರಮನಸ್ಕರಾದವರಿಗೆ ಇದು ಹಿಡಿಸಿದ್ದೀತೆಂದು ನಾನು ನಂಬಲಾರೆ. ಪ್ರಶ್ನೆ ಕೇಳುವ ಹಕ್ಕಿಗಾಗಿ ಸೋದರಿಯೊಡನೆ ಅಷ್ಟು ಹೋರಾಡಿದವರು, ತಮ್ಮ ಮಕ್ಕಳಿಗೆ ಆ ಹಕ್ಕನ್ನು ಎಷ್ಟರ ಮಟ್ಟಿಗೆ ಬಿಟ್ಟುಕೊಟ್ಟರು? ಅವರನ್ನು ಗೌರವಿಸುವವರು ಕೇಳಲೇಬೇಕಾದ ಪ್ರಶ್ನೆ ಇದು. ಅನ್ನಕ್ಕೆ ಮಾತ್ರ ಜಾತಿಯ ಲೆಕ್ಕ, ನಡತೆಯ ಲೆಕ್ಕ ಅಲ್ಲಿ ಇರಲಿಲ್ಲ.

ಅವರು ಕೊನೆಯವರೆಗೆ ಬಿಳಿಯ ಸೀರೆಯನ್ನೇ ಉಟ್ಟರು, ಶಾಕಾಹಾರವನ್ನು ಬಿಡಲಿಲ್ಲ. ಮಗಳು ಮನೋರಮಾಬಾಯಿ ತಾಯಿಯ ಬಲಗೈಯಾಗಿ, ಅಂದು ನಿಜಾಮನ ಸೀಮೆಗೆ ಸೇರಿದ್ದ ನಮ್ಮ ಗುಲಬರ್ಗೆಯಲ್ಲಿಯೂ ಒಂದು ಶಾಲೆಯನ್ನು ತೆರೆದರು. 1919ರಲ್ಲಿ ಸರಕಾರ ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1989ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಕೇಡ್ಗಾಂವಿನ ಮನೆ ಇಂದಿಗೂ ನಡೆಯುತ್ತಿದೆ.

ಮುಪ್ಪಿನ ಕೆಲಸವೊಂದನ್ನು ಹೇಳುವುದು ಉಳಿದಿದೆ. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲು ಸಂಸ್ಕೃತಭೂಯಿಷ್ಠವೆಂದು ಅವರಿಗೆ ತೋರಿತು. ಹಳ್ಳಿಯ ಹೆಂಗಸಿಗೆ ಅದು ಅರ್ಥವಾಗುತ್ತಿರಲಿಲ್ಲ. ಸಂಸ್ಕೃತದಲ್ಲಿ ಸರಸ್ವತಿ ಎಂಬ ಬಿರುದು ಪಡೆದವರು ಸಂಸ್ಕೃತವನ್ನು ಬಿಟ್ಟು, ಬೀಸುವ ಕುಟ್ಟುವ ಹೆಂಗಸರ ಮರಾಠಿಯಲ್ಲಿ ಇಡೀ ಗ್ರಂಥವನ್ನು ಅನುವಾದಿಸಲು ಕುಳಿತರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಕಿವಿ ಪೂರ್ತಿ ಮಂದವಾಗಿತ್ತು. ಮುಕ್ತಿಯ ಹುಡುಗಿಯರು ಮೊಳೆ ಜೋಡಿಸುತ್ತಿದ್ದರು. ಅವರು ಕರಡು ತಿದ್ದುತ್ತಿದ್ದರು. 1921ರ ಜುಲೈಯಲ್ಲಿ ಮನೋರಮೆ ತೀರಿಕೊಂಡರು. ತಾಯಿ ಅನುವಾದವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಗ್ರಂಥವು ಮುಕ್ತಿಯ ಅಚ್ಚುಕೂಟದಲ್ಲಿಯೇ 1924ರಲ್ಲಿ ಮುಗಿದು ಹೊರಬಂದಿತು. ಬಾವಿಯ ಬಳಿಯ ಸಮಾರ್ಯದ ಹೆಂಗಸಿನ ಕಥೆಯನ್ನು ಅಂದಿನಿಂದ ಕೃಪಾ ಸದನದ ಹೆಂಗಸರು ಬೇರೆ ಯಾರಿಂದಲೂ ಹೇಳಿಸಿಕೊಳ್ಳದೆ, ತಮ್ಮ ಮಾತಿನಲ್ಲಿಯೇ ತಾವೇ ಓದಿಕೊಳ್ಳಬಹುದಾಯಿತು.